ಬೇರ್ಪಡಿಸಬಾರದು

ಸ್ಪಿರಿಟ್ ತುಂಬಿದ ಜಾಡಿಯೊಳಗೆ ಆ ಗಾಳದ ಮೀನು ಬಾಯಿ ತೆರೆದುಕೊಂಡೇ ಇತ್ತು. ಕಡಲಿನ ತೀರ ತಳದ ಕತ್ತಲಿಂದ ಬಂದದ್ದು. ಹಣೆಯ ಮೇಲೊಂದು ಕೋಲು, ಕೋಲಿನ ತುದಿಗೆ ಆರಿಹೋದ ದೀಪ. ಅಜ್ಜಿಯ ಕಥೆಯಿಂದ ತಪ್ಪಿಸಿಕೊಂಡು ಬಂದ ರಕ್ಕಸಿಯೇ ಸರಿ ಎಂದು ಮೊದಲ ದಿನವೇ ನನಗೆ ಅನಿಸಿತ್ತು. ಅವಳ ಹೊಟ್ಟೆಗೆ ಉಗುರಿನಷ್ಟು ಪುಟ್ಟ ಇನ್ನೊಂದು ಮೀನು ಬಾಯಿ ಹಚ್ಚಿಕೊಂಡಿತ್ತು.

ಸಂಗ್ರಹಾಲಯದ ಮುಖ್ಯಸ್ಥರು ಹೆಸರು ಬರೆಯಲು ಎರಡು ಚೀಟಿ, ಒಂದು ಕತ್ತರಿ ತಂದಿಟ್ಟರು. "ಚಿಕ್ಕದನ್ನ ಕತ್ತರಿಸಿ ಬೇರೆ ಜಾಡಿಗೆ ಹಾಕು. ಎರಡು ಹೊಸ ಜಾತಿ, ಎರಡು ಹೆಸರು."

"ಅದು ಬೇರೆ ಜಾತಿಯಲ್ಲ ಸರ್. ಇದರದ್ದೇ ಗಂಡು."

"ಈ ಗುಂಪಲ್ಲಿ ಗಂಡು ಹೀಗೆ ಅಂಟಿಕೊಳ್ಳಲ್ಲ. ನನ್ನ ಪುಸ್ತಕ ಓದಿಲ್ವಾ?"

"ಓದಿದೀನಿ ಸರ್. ಮೀನು ಓದಿಲ್ಲ."

ಮೂಲೆಯಲ್ಲಿ ಜಾಡಿ ತೊಳೆಯುತ್ತಿದ್ದ ಅಕ್ಕ ತಲೆ ಎತ್ತದೆಯೇ, "ಮನೆಅಳಿಯ ಅನ್ನಿ. ಬಂದ, ಅಂಟಿಕೊಂಡ, ಇನ್ನು ಏಳೋ ಮಾತಿಲ್ಲ" ಎಂದಳು.

ನಾನು ನಗಲಿಲ್ಲ. ಮೂರು ದಿನ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೋಡಿದ್ದೆ. ಎರಡರ ಚರ್ಮದ ನಡುವೆ ಗೆರೆಯೇ ಇಲ್ಲ. ಅವಳ ರಕ್ತನಾಳವೊಂದು ನೇರ ಅವನೊಳಕ್ಕೆ ಹೋಗಿತ್ತು. ಕತ್ತರಿ ಆಡಿತೆಂದರೆ ಇದ್ದೊಂದು ಸಾಕ್ಷಿಯೂ ಹೋಯಿತು.

"ನಿನ್ನ ಕೈಲಾಗದಿದ್ರೆ ಬಿಡು, ನಾನೇ ಮಾಡ್ತೀನಿ," ಎಂದು ಅವರು ಅಂಗಿಯ ತೋಳು ಮಡಚಿದರು.

ನಮ್ಮ ಕೋಣೆಯಲ್ಲೊಂದು ಹಳೆಯ ಕಟ್ಟಳೆ ಇದೆ. ದಾಖಲೆ ಪುಸ್ತಕದಲ್ಲಿ ಶಾಯಿಯಲ್ಲಿ ಬರೆದದ್ದನ್ನು ಅಳಿಸುವಂತಿಲ್ಲ. ಬೇಡವೆನ್ನುವವರು ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಕಾರಣ ಬರೆದು, ಸಹಿ ಹಾಕಬೇಕು. ಅಲ್ಲಿಯವರೆಗೆ ಜಾಡಿಯ ಮುಚ್ಚಳ ಯಾರೂ ತೆಗೆಯುವಂತಿಲ್ಲ, ಮುಖ್ಯಸ್ಥರೂ.

ಪುಸ್ತಕ ಎಳೆದುಕೊಂಡು ಬರೆದೆ: ಹೆಣ್ಣು ಒಂದು. ಹೊಟ್ಟೆಗೆ ಅದರದೇ ಗಂಡು ಬೆಸೆದಿದೆ. ಚರ್ಮ ಒಂದೇ, ರಕ್ತ ಒಂದೇ, ಹೆಸರೂ ಒಂದೇ ಇರತಕ್ಕದ್ದು. ಬೇರ್ಪಡಿಸಬಾರದು. ಕೆಳಗೆ ನನ್ನ ಸಹಿ.

"ನಾಳೆಯಿಂದ ನಿನಗೆ ಈ ಕೋಣೆ ಇಲ್ಲ," ಎಂದರು. ದನಿ ಏರಿಸಲಿಲ್ಲ.

"ಆಗಲಿ ಸರ್. ಇವತ್ತು ಇದೆಯಲ್ಲ."

ಮುಚ್ಚಳ ತೆಗೆಯದೆ ಜಾಡಿಯನ್ನೇ ಸೂಕ್ಷ್ಮದರ್ಶಕದಡಿ ಇಟ್ಟು, ಅದನ್ನು ಅವರ ಕಡೆ ತಿರುಗಿಸಿದೆ. ಬಗ್ಗಿದರು. ತಿರುಪನ್ನು ಹಿಂದೆ ಮುಂದೆ ತಿರುಗಿಸಿದರು, ಬಹಳ ಹೊತ್ತು. ಅಕ್ಕ ನಲ್ಲಿ ನಿಲ್ಲಿಸಿದಳು. ಆಮೇಲೆ ಅವರು ನನ್ನ ಪೆನ್ನು ತೆಗೆದುಕೊಂಡು ನನ್ನ ಸಾಲಿನ ಮೇಲೆ ಹಿಡಿದರು.

"ಕಾರಣ ಹೇಳಿ ಸರ್," ಎಂದೆ. "ಬೇಕಾದ್ರೆ ನಾನೇ ಬರೀತೀನಿ."

ಪೆನ್ನು ಕೆಳಗಿಟ್ಟು ಹೊರಗೆ ಹೋದರು. ಸಂಜೆ ನಾನು ಕೋಣೆಯ ಬೀಗದ ಕೈಯನ್ನು ಅಕ್ಕನ ಕೈಗೆ ಕೊಟ್ಟಾಗಲೂ ನನ್ನ ಸಾಲಿನ ಪಕ್ಕದ ಜಾಗ ಖಾಲಿಯೇ ಇತ್ತು.