ಕರಡಿಯ ಕೈಯೆತ್ತರ

"ಹಿಮ್ಮಡಿ ಎತ್ಬೇಡ ಕಳ್ಳ. ನೆಟ್ಟಗೆ ನಿಲ್ಲು."

ಅಪ್ಪ ಮಗನ ನೆತ್ತಿಯ ಮೇಲೆ ಮರದ ಪಟ್ಟಿಯಿಟ್ಟು, ಒಂದು ಕಣ್ಣು ಮುಚ್ಚಿ, ಅದರ ತುದಿ ಬಾಗಿಲ ಚೌಕಟ್ಟನ್ನು ಎಲ್ಲಿ ಮುಟ್ಟುತ್ತದೆ ಎಂದು ನೋಡಿದ. ಚೌಕಟ್ಟಿನ ಮೇಲೆ ದಬ್ಬಳದಿಂದ ಗೀರಿದ ಒಂದು ಗೆರೆಯಿತ್ತು. ಮಗ ಅದಕ್ಕೆ ಎರಡು ಬೆರಳು ಕಡಿಮೆಯಿದ್ದ. ಹೋದ ಸಲ ನಿಲ್ಲಿಸಿದಾಗಲೂ ಎರಡು ಬೆರಳೇ. ಮನೆಯವರೆಲ್ಲ ಅವನನ್ನು ಕರೆಯುತ್ತಿದ್ದುದು ಬಟಾಣಿ ಎಂದು. ನಾಲ್ಕು ತುಂಬಿ ಐದಕ್ಕೆ ಬಿದ್ದರೂ ಅವನು ಆ ಹೆಸರಿಗೇನೂ ಅನ್ಯಾಯ ಮಾಡಿರಲಿಲ್ಲ.

ಆ ಗೆರೆ ಒಂದು ಕರಡಿಯ ಕೈಯದು. ಅರ್ಧ ದಿನದ ಬಸ್ ದಾರಿಯಲ್ಲಿದ್ದ ಥೀಮ್ ಪಾರ್ಕಿನಲ್ಲಿ, ಎತ್ತರಕ್ಕೇರಿ ಧುಮುಕುವ ದೊಡ್ಡ ರೈಲಿನ ಬಾಗಿಲಲ್ಲಿ ಮರದ ಕರಡಿಯೊಂದು ಕೈ ಚಾಚಿ ನಿಂತಿತ್ತು. ಅದರ ಕೈಗೆ ತಲೆ ತಾಗಿದ ಮಕ್ಕಳಿಗೆ ಮಾತ್ರ ಒಳಗೆ ಪ್ರವೇಶ. ಅಪ್ಪನದು ಶೂ ರಿಪೇರಿ ಅಂಗಡಿ. ಪಾರ್ಕಿನ ಕೆಲಸಗಾರರ ಬೂಟುಗಳಿಗೆ ಹೊಸ ಅಟ್ಟೆ ಹಾಕಿ ತಲುಪಿಸಲು ಹೋಗಿದ್ದಾಗ, ಚರ್ಮದ ಪಟ್ಟಿಯೊಂದನ್ನು ಹಿಡಿದು ಕರಡಿಯ ಕೈಯೆತ್ತರವನ್ನು ಅಳೆದು ತಂದಿದ್ದ.

ಆ ಪಾರ್ಕಿಗೆ ಹೋಗುವ ಮಾತು ಮನೆಯಲ್ಲಿ ಬಟಾಣಿಗಿಂತ ಹಳೆಯದು. ದೊಡ್ಡ ಮಗಳು ನಾಲ್ಕು ವರ್ಷದವಳಿದ್ದಾಗ 'ಇನ್ನೂ ಚಿಕ್ಕವಳು' ಎಂದರು. ಅವಳು ಬೆಳೆದು ಕರಡಿಯ ಕೈ ದಾಟುವ ಹೊತ್ತಿಗೆ ಬಟಾಣಿ ಹೊಟ್ಟೆಯಲ್ಲಿದ್ದ. ಆಮೇಲೆ 'ಇವನೂ ಒಂದಿಷ್ಟು ಉದ್ದವಾಗಲಿ, ಒಟ್ಟಿಗೇ ಹೋದರಾಯಿತು' ಎಂದರು. ಈಗ ದೊಡ್ಡವಳಿಗೆ ಹನ್ನೆರಡು. 'ಅದು ಚಿಕ್ಕ ಮಕ್ಕಳ ಜಾಗ, ನಾನು ಬರಲ್ಲ' ಎನ್ನುತ್ತಾಳೆ. ಕಾಯುವುದೇ ಬುದ್ಧಿವಂತಿಕೆ ಎಂದುಕೊಂಡ ಮನೆ ಅದು. ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮಕ್ಕಳ ಅಂಗಿಗೆ ಒಳಗಡೆ ಬಟ್ಟೆ ಮಡಚಿ ಬಿಟ್ಟು ಹೊಲಿಯುತ್ತಿದ್ದಳು, ಬರುವ ವರ್ಷ ಬಿಚ್ಚಿ ಉದ್ದ ಮಾಡಲು. ಅಪ್ಪ ಬೂಟುಗಳನ್ನು ಒಂದು ಸೈಜ್ ದೊಡ್ಡದೇ ತರುತ್ತಿದ್ದ. ಆ ಮನೆಯ ಮಕ್ಕಳು ತಮ್ಮ ಅಳತೆಯ ಬಟ್ಟೆ ತೊಟ್ಟದ್ದು ಅದು ಹಳೆಯದಾದ ಮೇಲೆಯೇ.

ಅಷ್ಟರಲ್ಲಿ ಅಮ್ಮನ ಹೊಟ್ಟೆಯಿಂದ ಕೊಯ್ದು ತೆಗೆದಿದ್ದ ಗಡ್ಡೆ ಇನ್ನೊಂದು ಕಡೆ ಹುಟ್ಟಿತು. ಈ ಸಲ ಡಾಕ್ಟರು ಕೊಯ್ಯುವ ಮಾತೆತ್ತಲಿಲ್ಲ. "ಮಕ್ಕಳ ಜೊತೆ ಎಲ್ಲಾದ್ರೂ ಹೋಗ್ಬೇಕು ಅಂತಿದ್ರೆ ತಡ ಮಾಡ್ಬೇಡಿ" ಎಂದಷ್ಟೇ ಹೇಳಿ ಪೆನ್ನಿನ ಮುಚ್ಚಳ ಹಾಕಿದರು. ಬಟಾಣಿಗೆ ಇದೇನೂ ಗೊತ್ತಿರಲಿಲ್ಲ. ದೊಡ್ಡವಳಿಗೆ ಯಾರೂ ಹೇಳಿರಲಿಲ್ಲ, ಆದರೂ ಗೊತ್ತಿತ್ತು.

"ಈ ತಿಂಗಳೇ ಹೋಗೋಣ," ಎಂದು ಅಮ್ಮ ಊಟದ ಹೊತ್ತಿನಲ್ಲಿ ಹೇಳಿದಾಗ ಅಜ್ಜಿ ಒಪ್ಪಲಿಲ್ಲ. ಅವಳು ಅಪ್ಪನ ತಾಯಿ. ಕೆಟ್ಟವಳಲ್ಲ, ಬಾಯಿ ಮಾತ್ರ ಮನಸ್ಸಿಗಿಂತ ಒಂದು ಹೆಜ್ಜೆ ಮುಂದೆ.

"ಈ ವಯಸ್ಸಲ್ಲಿ ನೋಡಿದ್ದು ಅವನಿಗೆ ಏನ್ ನೆನಪಿರುತ್ತೆ? ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ. ಸ್ವಲ್ಪ ತಿಳುವಳಿಕೆ ಬರ್ಲಿ. ಬರೋ ವರ್ಷ ಹೋದ್ರಾಯ್ತು."

ಹೇಳಿ ಮುಗಿಸಿದ ಮೇಲೆ ಅವಳಿಗೆ ತಾನು ಏನು ಹೇಳಿಬಿಟ್ಟೆನೆಂದು ಹೊಳೆಯಿತು. ಇನ್ನೂ ಉಣ್ಣುತ್ತಿದ್ದವರ ಮುಂದಿನ ತಟ್ಟೆಗಳನ್ನೇ ಎತ್ತಿಕೊಂಡು ಒಳಗೆ ನಡೆದಳು.

ಅಜ್ಜಿಯ ಮಾತಿನಲ್ಲಿ ಅಮ್ಮನಿಗೆ ನೋವಾದದ್ದು 'ಬರೋ ವರ್ಷ'ಕ್ಕಲ್ಲ, 'ಏನ್ ನೆನಪಿರುತ್ತೆ' ಎಂಬುದಕ್ಕೆ. ದೊಡ್ಡವಳಿಗೆ ಅಮ್ಮ ನೆನಪಿರುತ್ತಾಳೆ. ಬಟಾಣಿಗೆ? ಗೋಡೆಯ ಮೇಲಿನ ಒಂದು ಫೋಟೋ ತೋರಿಸಿ ಇವಳೇ ಎಂದರೆ ತಲೆಯಾಡಿಸಿಯಾನು. ಅಷ್ಟೇ. ಅವಳಿಗೆ ಸಾಯುವುದಕ್ಕಿಂತ ಹೆಚ್ಚು ಭಯವಿದ್ದದ್ದು ಅದರದು.

ಮಾರನೆಯ ಮಧ್ಯಾಹ್ನ ಗಂಡ ಊಟಕ್ಕೆ ಬಂದಾಗ ಹೊಲಿಗೆ ಯಂತ್ರದ ಮುಂದೆ ಕೂತೇ ಕೇಳಿದಳು.

"ರೀ, ನಿಮಗೆ ಎಲ್ಲಕ್ಕಿಂತ ಮೊದಲಿನ ನೆನಪು ಯಾವುದು?"

"ನಾಯಿ ಕಚ್ಚಿದ್ದು."

"ಆಗ ಎಷ್ಟು ವಯಸ್ಸು?"

"ನಮ್ಮ ಬಟಾಣಿಯಷ್ಟಿರ್ಬೇಕು. ಅಕ್ಕ ನನ್ನ ಎತ್ಕೊಂಡು ಓಡಿದ್ಲು. ಓಡ್ತಿದ್ರೆ ಅವಳ ಜಡೆ ನನ್ನ ಮೂಗಿಗೆ ಹೊಡೀತಿತ್ತು. ಅದು ಈಗಲೂ ನೆನಪಿದೆ ನೋಡು."

"ಒಳ್ಳೇದು ಯಾವುದೂ ಇಲ್ವಾ? ಅತ್ತೆ ಉಣ್ಸಿದ್ದು, ಮುದ್ದು ಮಾಡಿದ್ದು?"

ಅವನು ನಿಜವಾಗಿಯೂ ಯೋಚಿಸಿದ. "ಮಾಡಿರ್ತಾಳೆ. ನೆನಪಿಲ್ಲ."

ಅವಳು ಯಂತ್ರದಿಂದ ಕಾಲು ತೆಗೆದಳು. "ಹಾಗಾದ್ರೆ ಆ ದೊಡ್ಡ ರೈಲೇ ಆಗ್ಬೇಕು. ಮರದ ಕುದುರೆ ಮೇಲೆ ಕೂರ್ಸಿ ಸುತ್ತಿಸಿದ್ರೆ ಮರ್ತುಬಿಡ್ತಾನೆ. ಅವನು ಹೆದರ್ಬೇಕು. ಹೆದರಿದಾಗ ನಾನು ಪಕ್ಕದಲ್ಲಿ ಹಿಡ್ಕೊಂಡಿರ್ಬೇಕು."

"ಇದೆಂಥ ಲೆಕ್ಕ ಕಣೇ?"

"ನಿಮ್ಮಕ್ಕನ ಜಡೆ ಲೆಕ್ಕ."

ಗಂಡ ನಗಲು ನೋಡಿದ, ಆಗಲಿಲ್ಲ. "ಎರಡು ಬೆರಳು ಕಮ್ಮಿ ಇದಾನೆ. ಅವರು ಹತ್ಸಲ್ಲ."

"ಎರಡು ಬೆರಳು ಬೆಳೆಯೋಕೆ ಎಷ್ಟು ದಿನ ಬೇಕು?"

ಅವನು ಕೈ ತೊಳೆದು, ಅಂಗಡಿಗೆ ಹೊರಟು, ಬಾಗಿಲ ಗೆರೆಯ ಹತ್ತಿರ ಒಂದು ಗಳಿಗೆ ನಿಂತ. "ಆಗುತ್ತೆ ಬಿಡು," ಎಂದ. "ಆ ಕರಡಿಗೂ ವಯಸ್ಸಾಗಿದೆ. ಕೈ ಜೋತುಬಿದ್ದಿರುತ್ತೆ."

ಆ ವಾರ ಅವನು ಬಟಾಣಿಗೆ ಹೊಸ ಬೂಟು ತಂದ. ಎಂದಿನಂತೆ ದೊಡ್ಡದೇ. ಅಮ್ಮ ತನಗೊಂದು ಅಂಗಿ ಹೊಲಿದುಕೊಂಡಳು. ಬಾಟಲಿಯಿಂದ ಔಷಧಿ ಇಳಿಸಲು ಆಸ್ಪತ್ರೆಯವರು ಮುಂಗೈಗೆ ಚುಚ್ಚಿ ಪಟ್ಟಿ ಹಾಕಿ ಬಿಟ್ಟಿದ್ದ ಸೂಜಿ ಕಾಣಬಾರದೆಂದು ತೋಳನ್ನು ಬೆರಳಿನ ಬುಡದವರೆಗೆ ಇಳಿಸಿದಳು. ಯಾಕಿಷ್ಟು ಉದ್ದ ಎಂದು ಗಂಡ ಕೇಳಲಿಲ್ಲ. ಬೂಟು ಯಾಕಿಷ್ಟು ಭಾರ ಎಂದು ಅವಳೂ ಎತ್ತಿ ನೋಡಲಿಲ್ಲ.

ಎರಡು ದಿನದ ರಜೆ ಎಂದು ಹೊರಟರು. ಅಜ್ಜಿ ಮನೆಯಲ್ಲೇ ಉಳಿದಳು. ದೊಡ್ಡವಳು ಬರಲ್ಲ ಎಂದು ಕೊನೆಯವರೆಗೂ ಹಟ ಹಿಡಿದಿದ್ದವಳು, ಬೆಳಿಗ್ಗೆ ನೋಡಿದರೆ ಎಲ್ಲರಿಗಿಂತ ಮೊದಲು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಬಸ್ಸಿನಲ್ಲಿ ಅಮ್ಮ ಕಿಟಕಿಗೆ ಒರಗಿ ಮಲಗಿದ್ದಳು. ಬಟಾಣಿ ಕರಡಿ ಕಚ್ಚುತ್ತದೆಯೇ ಎಂದು ದಾರಿಯುದ್ದಕ್ಕೂ ಕೇಳುತ್ತಿದ್ದ. ಪಾರ್ಕಿನ ಹತ್ತಿರದ ಒಂದು ಸಣ್ಣ ಹೋಟೆಲಿನಲ್ಲಿ ಉಳಿದು, ಮರುದಿನ ಗೇಟು ತೆರೆಯುವ ಮುಂಚೆಯೇ ಸಾಲಿನಲ್ಲಿ ನಿಂತರು.

ಕರಡಿಯ ಬಣ್ಣ ಅಲ್ಲಲ್ಲಿ ಎದ್ದಿತ್ತು. ಅದರ ಪಕ್ಕದಲ್ಲಿ ಹಳದಿ ಟೊಪ್ಪಿಯ ಹುಡುಗಿಯೊಬ್ಬಳು ಮಕ್ಕಳನ್ನು ಒಬ್ಬೊಬ್ಬರಾಗಿ ನಿಲ್ಲಿಸಿ ಒಳಗೆ ಬಿಡುತ್ತಿದ್ದಳು. ಮುಂದಿದ್ದ ಮಗುವೊಂದನ್ನು ಅವಳು ಬರುವ ವರ್ಷ ಬಾ ಎಂದು ಕೆನ್ನೆ ತಟ್ಟಿ ಕಳಿಸಿದಳು. ಬಟಾಣಿ ಉಸಿರು ಬಿಗಿಹಿಡಿದು ಕರಡಿಯ ಕೈ ಕೆಳಗೆ ನಿಂತ. ಅವನ ಕೂದಲು ಮರಕ್ಕೆ ತಾಗಿತು. ತಾಗಿದ್ದಷ್ಟೇ ಅಲ್ಲ, ನೆತ್ತಿಯೇ ಒತ್ತಿತು.

"ಶಭಾಷ್," ಎಂದಳು ಹುಡುಗಿ.

ಅಮ್ಮನಿಗೆ ಅಷ್ಟು ಸಂತೋಷವಾಗಿ ಎಷ್ಟೋ ದಿನವಾಗಿತ್ತು. ಬೆಳೆದಿದ್ದಾನೆ, ಕಣ್ಣಿಗೆ ಕಾಣದ ಹಾಗೆ ಬೆಳೆದುಬಿಟ್ಟಿದ್ದಾನೆ ಎಂದುಕೊಂಡಳು. ಆ ಹುಡುಗಿಗೆ ಕೈಯೆತ್ತಿ ಮುಗಿದಳು. ಅಂಗಿಯ ತೋಳು ಸರ್ರನೆ ಮೊಣಕೈವರೆಗೆ ಜಾರಿತು. ಹೊಲಿದ ಮೇಲೂ ಕೈ ಸಣ್ಣಗಾಗುತ್ತಲೇ ಇರುತ್ತದೆ ಎಂಬುದನ್ನು ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ. ಇಷ್ಟು ವರ್ಷವೂ ಬೆಳೆಯುವವರಿಗೇ ಹೊಲಿದವಳು.

ಹಳದಿ ಟೊಪ್ಪಿಯ ಹುಡುಗಿ ಸೂಜಿಯನ್ನೂ ಅದರ ಸುತ್ತ ಕಪ್ಪಾದ ಚರ್ಮವನ್ನೂ ನೋಡಿದಳು. "ಅಮ್ಮ, ನೀವು ಹತ್ತೋ ಹಾಗಿಲ್ಲ."

"ಏನಿಲ್ಲಮ್ಮ, ಸ್ವಲ್ಪ ಜ್ವರ ಬಂದಿತ್ತು."

"ಬೋರ್ಡಲ್ಲಿ ಬರೆದಿದೆ ನೋಡಿ. ಆಪರೇಷನ್ ಆದೋರು, ಚಿಕಿತ್ಸೆ ತಗೋತಿರೋರು..."

"ಒಂದೇ ಒಂದು ಸುತ್ತು ಕಣಮ್ಮ. ಅವನ ಪಕ್ಕ ನಾನೇ ಕೂತ್ಕೋಬೇಕು. ಅದಕ್ಕೇ ಬಂದಿದ್ದು ನಾವು."

"ನನ್ನ ಕೆಲಸ ಹೋಗುತ್ತೆ ಅಮ್ಮ," ಎಂದಳು ಹುಡುಗಿ ತಗ್ಗಿದ ದನಿಯಲ್ಲಿ. ಹಿಂದಿನ ಸಾಲಿನಲ್ಲಿ ಗೊಣಗಾಟ ಶುರುವಾಗಿತ್ತು.

ಗಂಡನ ಮುಖ ಬಿಳಚಿಕೊಂಡಿತ್ತು. "ಬೇಡ ಬಿಡು. ವಾಪಸ್ ಹೋಗೋಣ. ಮರದ ಕುದುರೇನೇ ಸಾಕು."

"ಇಷ್ಟು ದೂರ ಬಂದಾದ ಮೇಲಾ? ನೀವು ಕೂತ್ಕೊಳ್ಳಿ ಅವನ ಪಕ್ಕ. ನಾನು ಇಲ್ಲಿಂದ ಕೈ ಬೀಸ್ತೀನಿ, ಅವನು ನೋಡ್ತಾನೆ."

"ಬೇಡ ಅಂದ್ನಲ್ಲ."

"ಯಾಕೆ?"

ಅವನು ಮಗನ ಕಾಲುಗಳ ಕಡೆ ನೋಡಿದ, ಹುಡುಗಿಯ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. ಅವಳ ಕಣ್ಣಿನಲ್ಲಿ ಇನ್ನೂ ಆ ಸಂತೋಷದ ಉಳಿಕೆಯಿತ್ತು. ಬಟಾಣಿ ಅಷ್ಟರಲ್ಲಿ ಅಕ್ಕನ ಕೈ ಹಿಡಿದು ರೈಲಿನ ಹತ್ತಿರ ಓಡಿದ್ದ. ಅಪ್ಪ ಅವರ ಹಿಂದೆ ಹೋದ.

ಚಪ್ಪಲಿ ಬೂಟು ಕಳಚಿಟ್ಟು ಹತ್ತಬೇಕೆಂಬುದು ಅಲ್ಲಿಯ ನಿಯಮ. ದೊಡ್ಡವಳು ತಮ್ಮನ ಬೂಟು ಬಿಚ್ಚಿ ಕಂಬಿಯ ಆಚೆಯಿಂದ ಅಮ್ಮನಿಗೆ ಕೊಟ್ಟಳು. ಸೀಟಿ ಕೂಗಿತು. ರೈಲು ಕಟಕಟ ಸದ್ದು ಮಾಡುತ್ತ ಏರು ಹಿಡಿಯಿತು. ಅಮ್ಮ ಬೂಟು ಎದೆಗವಚಿಕೊಂಡು ಇನ್ನೊಂದು ಕೈ ಬೀಸಿದಳು. ಬಟಾಣಿಯ ತಲೆ ಸೀಟಿನ ಬೆನ್ನಿಗಿಂತ ಕೆಳಗಿತ್ತು. ಅವಳು ಅವನಿಗೆ ಕಾಣುವಂತಿರಲಿಲ್ಲ, ಅವನು ಅವಳಿಗೂ ಕಾಣಲಿಲ್ಲ.

ಆಗ ಅವಳಿಗೆ ಬೂಟಿನ ತೂಕ ತಿಳಿಯಿತು. ಯಾರ ಬಟ್ಟೆ ಸಿಕ್ಕರೂ ಒಳಗು ತಿರುವಿ ನೋಡುವುದು ಅವಳ ಕಸುಬಿನ ಚಾಳಿ. ಬೂಟಿನೊಳಗೆ ಬೆರಳು ಹಾಕಿದಳು. ಹಿಮ್ಮಡಿಯ ಕಡೆಯಿಂದ ಒಂದು ಚರ್ಮದ ತುಂಡು ಎದ್ದು ಬಂತು. ಪದರದ ಮೇಲೆ ಪದರ ಅಂಟಿಸಿ, ಅಂಚು ಹೆರೆದು, ಮಗುವಿನ ಅಂಗಾಲಿಗೆ ಚುಚ್ಚದ ಹಾಗೆ ಮೇಲೆ ಮೆತ್ತನೆಯ ಬಟ್ಟೆ ಹೊದಿಸಿದ್ದ ತುಂಡು. ಗಂಡನ ಕೈಕೆಲಸವನ್ನು ಅವಳು ಕತ್ತಲಲ್ಲಿ ಮುಟ್ಟಿಯೂ ಗುರುತಿಸಬಲ್ಲಳು. ಇಷ್ಟು ನಾಜೂಕಾಗಿ ಅವನು ಯಾವ ಗಿರಾಕಿಗೂ ಮಾಡಿದ್ದನ್ನು ನೋಡಿರಲಿಲ್ಲ. ಅದರ ದಪ್ಪಕ್ಕೆ ತನ್ನ ಬೆರಳು ಹಿಡಿದಳು. ಎರಡು ಬೆರಳು.

"ನಿಲ್ಸಮ್ಮ," ಎಂದಳು ಹುಡುಗಿಯ ಬಳಿ ಹೋಗಿ. "ನನ್ನ ಮಗನಿಗೆ ಎತ್ತರ ಸಾಲ್ದು. ನಿಲ್ಸು."

ಹುಡುಗಿ ಅವಳ ಕೈಯಲ್ಲಿದ್ದ ಚರ್ಮದ ತುಂಡನ್ನು ನೋಡಿದಳು. "ಮೇಲೆ ಹೋಗಿಬಿಟ್ಟಿದೆ ಅಮ್ಮ. ಈಗ ನಿಲ್ಸೋಕಾಗಲ್ಲ."

ಮೇಲೆ ಕಟಕಟ ಸದ್ದು ನಿಂತಿತು. ಒಂದು ಕ್ಷಣ ಏನೂ ಇರಲಿಲ್ಲ. ಆಮೇಲೆ ಅಷ್ಟು ಜನರ ಕಿರುಚಾಟ ಒಟ್ಟಿಗೆ ಕೆಳಗೆ ಬಂತು. ಅದರಲ್ಲಿ ಬಟಾಣಿಯ ದನಿ ಯಾವುದೆಂದು ಅವಳಿಗೆ ಗೊತ್ತಾಗಲಿಲ್ಲ, ಹೆತ್ತವಳಾಗಿಯೂ ಗೊತ್ತಾಗಲಿಲ್ಲ. ಕಂಬಿ ಹಿಡಿದು ನೆಲ ನೋಡುತ್ತ ನಿಂತಳು. ಏನಾದರೂ ಬಿದ್ದರೆ ಮೊದಲು ಅಲ್ಲಿ ನೆರಳು ಬೀಳುತ್ತದೆ ಎಂಬ ಹುಚ್ಚು ಯೋಚನೆ ಬಂದಿತ್ತು.

ರೈಲು ಬಂದು ನಿಂತಾಗ ಅಡ್ಡಕಂಬಿ ಅಪ್ಪನ ತೊಡೆಯ ಮೇಲೆ ಬಿಗಿಯಾಗಿತ್ತು. ಬಟಾಣಿ ಅದರ ಕೆಳಗೆ ಜಾರಿ, ಗದ್ದ ಕಂಬಿಗೆ ತಾಗಿ ನೇತಾಡುತ್ತಿದ್ದ. ಅಪ್ಪನ ಮುಷ್ಟಿ ಅವನ ಅಂಗಿಯ ಕುತ್ತಿಗೆಯನ್ನು ತಿರುಚಿ ಹಿಡಿದಿತ್ತು. ಕಂಬಿ ಮೇಲೆದ್ದರೂ ಆ ಮುಷ್ಟಿ ಬಿಚ್ಚಲಿಲ್ಲ. ಹಿಂದಿನ ಸೀಟಿನಲ್ಲಿದ್ದ ದೊಡ್ಡವಳು ಬಂದು ಅಪ್ಪನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಭುಜದ ಹೊಲಿಗೆ ಹರಿದು, ಬರುವ ವರ್ಷಕ್ಕೆಂದು ಅಮ್ಮ ಒಳಗೆ ಮಡಚಿಟ್ಟಿದ್ದ ಬಟ್ಟೆ ಹೊರಗೆ ಬಂದಿತ್ತು. ಅದರ ಬಣ್ಣ ಇನ್ನೂ ಹೊಸದಾಗಿತ್ತು.

ಬಟಾಣಿ ಅಳಲಿಲ್ಲ. ಚಡ್ಡಿ ಒದ್ದೆಯಾಗಿತ್ತು. ಅಪ್ಪ ಅವನನ್ನು ತಂದು ಬೆಂಚಿನ ಮೇಲೆ ಕೂರಿಸಿ, ಹೆಂಡತಿಯ ಕೈಯಲ್ಲಿದ್ದ ಚರ್ಮದ ತುಂಡನ್ನು ನೋಡಿದ. ಅವಳು ಅವನ ಮುಖ ನೋಡಲಿಲ್ಲ. ಬೈಯುವುದಕ್ಕೆ ಬಾಯಿ ತುಂಬ ಮಾತಿತ್ತು, ಆದರೆ ಯಾರನ್ನು ಬೈಯುವುದು? ಅವನು ಹೆದರಬೇಕು ಎಂದವಳು ಅವಳೇ.

ಬಟಾಣಿ ಅವಳನ್ನೇ ನೋಡುತ್ತಿದ್ದ. ಆಮೇಲೆ ಕೇಳಿದ, "ನೀನ್ಯಾಕಮ್ಮ ಬರ್ಲಿಲ್ಲ?"

ಇದೇ ಅವನಿಗೆ ಉಳಿಯುವುದು ಎಂದು ಅವಳಿಗೆ ಖಂಡಿತವಾಗಿ ತಿಳಿಯಿತು. ಎತ್ತರ, ಭಯ, ಅಮ್ಮ ಇರಲಿಲ್ಲ.

"ಬಂದಿದ್ಲು ಕಣೋ," ಎಂದಳು ದೊಡ್ಡವಳು. ಮೊಣಕಾಲೂರಿ ಅವನ ಮುಖ ಒರೆಸುತ್ತಿದ್ದವಳು ತಲೆಯೆತ್ತಲಿಲ್ಲ. "ನಿನ್ನ ಹಿಂದಿನ ಸೀಟಲ್ಲೇ ಕೂತಿದ್ಲು, ನನ್ನ ಪಕ್ಕ. ನೀನು ಕಣ್ಣು ಮುಚ್ಕೊಂಡಿದ್ದೆ, ಹೇಗೆ ಕಾಣುತ್ತೆ? ನಿನ್ನ ಅಂಗಿ ಹಿಡ್ಕೊಂಡಿದ್ದು ಮತ್ತೆ ಯಾರು?"

ಬಟಾಣಿ ಅಪ್ಪನ ಕಡೆ ತಿರುಗಿದ. ಅಪ್ಪನ ಬೆರಳುಗಳಲ್ಲಿ ಅಂಗಿಯ ನೂಲು ಕೊರೆದ ಗುರುತು ಕೆಂಪಗೆ ಎದ್ದಿತ್ತು. ಅವನು ಆ ಕೈಯನ್ನು ಜೇಬಿಗೆ ಹಾಕಿಕೊಂಡ.

"ಹೂಂ," ಎಂದ. "ಅಮ್ಮನೇ."

ಬಟಾಣಿ ಅಮ್ಮನ ಕೈ ತೆಗೆದುಕೊಂಡು, ಸೂಜಿ ತಾಗದ ಹಾಗೆ ಮಗುಚಿ, ಅಂಗೈಯನ್ನು ಸ್ವಲ್ಪ ಹೊತ್ತು ನೋಡಿದ. "ತಣ್ಣಗಿತ್ತು," ಎಂದ. "ಕುತ್ತಿಗೆಗೆ ತಾಗ್ತಿತ್ತು."

ಅಮ್ಮ ಎರಡನೆಯ ಬೂಟಿನ ಚರ್ಮದ ತುಂಡನ್ನೂ ಎಳೆದು ತೆಗೆದು, ಎರಡನ್ನೂ ಚೀಲಕ್ಕೆ ಹಾಕಿದಳು. ಮಗನ ಕಾಲಿಗೆ ಬೂಟು ತೊಡಿಸಿ ಲೇಸನ್ನು ಬಿಗಿಯುವಷ್ಟು ಬಿಗಿದಳು. ಆದರೂ ಹಿಮ್ಮಡಿಯ ಹಿಂದೆ ಅವಳ ಬೆರಳು ಹೋಗುವಷ್ಟು ಜಾಗವಿತ್ತು.

"ದೊಡ್ಡದಾಯ್ತು," ಎಂದ ಬಟಾಣಿ.

"ಇರ್ಲಿ ಬಿಡು," ಎಂದಳು, ಹೊಸ ಬಟ್ಟೆ ತೊಡಿಸಿದಾಗಲೆಲ್ಲ ಹೇಳುತ್ತಿದ್ದಂತೆ. "ಬರೋ ವರ್ಷಕ್ಕೆ ಸರಿಹೋಗುತ್ತೆ."

ದೊಡ್ಡವಳು ಚೀಲ ಎತ್ತಿಕೊಂಡಳು. ಬಟಾಣಿ ಎಲ್ಲರಿಗಿಂತ ಮುಂದೆ ಗೇಟಿನ ಕಡೆ ನಡೆದ. ಹೆಜ್ಜೆಯೆತ್ತಿದಾಗಲೆಲ್ಲ ಹಿಮ್ಮಡಿ ಬೂಟಿನಿಂದ ಮೇಲೆದ್ದು, ಮತ್ತೆ ಅದರೊಳಗೆ ಟಪ್ ಎಂದು ಬೀಳುತ್ತಿತ್ತು.