ಚುಕ್ಕೆ ಇಡದ ಹೆಸರು

ಆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ರಿಪೋರ್ಟು ಕೊಡುವ ಕಿಟಕಿ ಹದಿನಾರು ವರ್ಷದಿಂದ ಅವಳದೇ. ಎಲ್ಲರೂ ಕಿಟಕಿ ಅಕ್ಕ ಅನ್ನುತ್ತಿದ್ದರು. ಅವಳದೊಂದು ಪದ್ಧತಿಯಿತ್ತು. ಹತ್ತಾರು ಜನಕ್ಕಿರುವ ಹೆಸರಾದರೆ ಲಕೋಟೆಗೆ ಕೆಂಪು ಚುಕ್ಕೆ. ಹುಟ್ಟಿದ ತಾರೀಖು ಕೇಳಿಯೇ ಕೊಡುವುದು. ಚುಕ್ಕೆ ಇಲ್ಲದವರು ಹೆಸರು ಹೇಳಿದರೆ ಸಾಕು. ಯಾವ ಹೆಸರಿಗೆ ಚುಕ್ಕೆ ಎಂಬ ತೀರ್ಪೂ ಅವಳದೇ. ಶಾಲೆಯಲ್ಲಿ ಅವಳ ತರಗತಿಯಲ್ಲೇ ಅವಳ ಹೆಸರಿನವರು ಐದು ಜನ, ಹಾಗಾಗಿ ಅದಕ್ಕೆ ಕಣ್ಣುಮುಚ್ಚಿ ಚುಕ್ಕೆ. ಅತ್ತೆಯ ಹೆಸರು ಮಾತ್ರ ಇನ್ನೊಬ್ಬರಿಗೆ ಇದ್ದದ್ದನ್ನು ಅವಳು ಕೇಳಿಯೇ ಇರಲಿಲ್ಲ, ಅದಕ್ಕೆ ಚುಕ್ಕೆಯಿಲ್ಲ. ನಿಮ್ಮ ಹೆಸರು ನಿಮಗೊಬ್ಬರಿಗೇ ಗುತ್ತಿಗೆ ಎಂದು ಅತ್ತೆಯನ್ನು ರೇಗಿಸುತ್ತಿದ್ದಳು.

ಅವತ್ತು ಮಧ್ಯಾಹ್ನ ಒಬ್ಬ ಅಜ್ಜಿ ಬಂದು ಅತ್ತೆಯ ಹೆಸರನ್ನೇ ಹೇಳಿದಾಗ ಅವಳಿಗೆ ಖುಷಿಯೋ ಖುಷಿ. ಆ ಹೆಸರಿನದು ಕೈಗೆ ಸಿಕ್ಕ ಲಕೋಟೆ ಕೊಟ್ಟು ಕಳಿಸಿದಳು. ನಾಲ್ಕೂವರೆಗೆ ಇನ್ನೊಬ್ಬ ಹೆಂಗಸು ಬಂದಳು. ಅದೇ ಹೆಸರು! ಉಳಿದಿದ್ದ ಲಕೋಟೆ ಬಿಚ್ಚಿ ನೋಡಿದರೆ ಹುಟ್ಟಿದ ತಾರೀಖು ಅವಳದಲ್ಲ, ಅಜ್ಜಿಯದು. ಈ ಹೆಂಗಸಿನ ರಿಪೋರ್ಟನ್ನು ಕಿಟಕಿ ಅಕ್ಕ ಅಜ್ಜಿಗೆ ಕೊಟ್ಟುಬಿಟ್ಟಿದ್ದಳು. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರೆ; ಇವಳು ಬರೀ ಕಿವಿಯನ್ನು ನಂಬಿದ್ದಳು.

ಅಜ್ಜಿಯನ್ನು ನೋಡುತ್ತಿದ್ದ ಪಕ್ಕದ ಡಾಕ್ಟರಿಗೆ ಫೋನು ಮಾಡಿದಳು. ಅಜ್ಜಿ ತಂದ ರಿಪೋರ್ಟಿನಲ್ಲಿ ರಕ್ತ ಗಟ್ಟಿಯಾಗಿದೆ ಎಂದಿದ್ದದ್ದಕ್ಕೆ, ರಕ್ತ ತೆಳುವಾಗಿಸುವ ಮಾತ್ರೆ ಇನ್ನು ಮೇಲೆ ಎರಡು, ಸಂಜೆ ಆರಕ್ಕೆ ಎಂದು ಅವರು ಬರೆದಿದ್ದರಂತೆ. ಉಳಿದ ಲಕೋಟೆಯ ಪ್ರಕಾರ ನಿಜದಲ್ಲಿ ಅಜ್ಜಿಯ ರಕ್ತ ಆಗಲೇ ತೀರಾ ತೆಳುವಾಗಿತ್ತು. ಎರಡು ನುಂಗಿದರೆ ರಕ್ತಸ್ರಾವವಾಗಿ ಜೀವಕ್ಕೇ ಕುತ್ತು, ಹೇಗಾದರೂ ಅಜ್ಜಿಯನ್ನು ತಡೀರಿ ಅಂದರು ಡಾಕ್ಟರು. ಅಜ್ಜಿಯ ನಂಬರು ಎಷ್ಟು ಹೊಡೆದರೂ ಎತ್ತುವವರಿಲ್ಲ. ಮಾಡುತ್ತಾ ಇರಿ, ಯಾರಾದರೂ ಎತ್ತುತ್ತಾರೆ ಎಂದು ಲ್ಯಾಬಿನ ಮಾಲೀಕರು ಸಮಾಧಾನ ಹೇಳಿದರು.

"ಕೊಟ್ಟವಳು ನಾನು. ತರೋಳೂ ನಾನೇ," ಎಂದವಳೇ ಆ ಹೆಂಗಸನ್ನು ಅಲ್ಲೇ ಕೂರಿಸಿ, ವಿಳಾಸದ ಚೀಟಿ ಹಿಡಿದು ಬಸ್ಸು ಹತ್ತಿದಳು.

ವಿಳಾಸದಲ್ಲಿ ಗಿರಣಿ ಹಿಂದಿನ ಗಲ್ಲಿ ಎಂದಿತ್ತು, ಮನೆ ನಂಬರು ಇರಲಿಲ್ಲ. ನಲ್ಲಿ ಹತ್ತಿರ ಬಟ್ಟೆ ಹಿಂಡುತ್ತಿದ್ದವಳಿಗೆ ಹೆಸರು ಹೇಳಿದಳು.

"ಯಾರು ಬೇಕು? ಹೊಲಿಗೆಯವರಾ, ದಪ್ಪನವರಾ, ಮೂಲೆಮನೆಯವರಾ? ನಮ್ಮಮ್ಮನ ಹೆಸರೂ ಅದೇನೆ."

ಕಿಟಕಿ ಅಕ್ಕನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಅವಳು ಹುಟ್ಟಿ ಬೆಳೆದದ್ದು ಇಲ್ಲಿಗೆ ಬರೀ ಮೂರು ಮೈಲಿ ದೂರದಲ್ಲಿ, ಆದರೂ ಇದು ಗೊತ್ತಿರಲಿಲ್ಲ. ಐದೂಮುಕ್ಕಾಲಾಗಿತ್ತು. ಇವತ್ತು ರಿಪೋರ್ಟು ತಂದವರು ಯಾರು ಎಂದು ಕೂಗುತ್ತಾ ಒಂದೊಂದೇ ಬಾಗಿಲು ಬಡಿದಳು. ಹೊಲಿಗೆಯವರು ತಾನಲ್ಲ ಅಂದರು. ದಪ್ಪನವರು ಮಲಗಿದ್ದವರು ಎದ್ದು ಬಂದು ಬೈದರು. ಬೈಸಿಕೊಂಡು ಮುಂದಕ್ಕೆ ಓಡಿದಳು.

ಮೂಲೆಮನೆಯಲ್ಲಿ ಅಜ್ಜಿ ಅಂಗೈಯಲ್ಲಿ ಎರಡು ಮಾತ್ರೆ ಇಟ್ಟುಕೊಂಡು ಲೋಟಕ್ಕೆ ನೀರು ಬಗ್ಗಿಸುತ್ತಿದ್ದಳು. ಕಿಟಕಿ ಅಕ್ಕ ನುಗ್ಗಿ ಆ ಕೈಯನ್ನೇ ಹಿಡಿದುಕೊಂಡಳು. ತಪ್ಪು ತನ್ನದೇ ಎಂದು ಒಂದೂ ಬಿಡದೆ ಹೇಳಿದಳು. ಡಾಕ್ಟರು ಹೇಳುವ ತನಕ ಒಂದು ಮಾತ್ರೆಯನ್ನೂ ಮುಟ್ಟಬೇಡಿ ಅಂದಳು. ನಾಲ್ಕು ಮಾತು ಬೈದರೂ ಕೇಳುತ್ತೇನೆಂದು ತಲೆ ತಗ್ಗಿಸಿ ನಿಂತಳು.

ಅಜ್ಜಿ ಮಾತ್ರೆಗಳನ್ನು ಡಬ್ಬಿಗೆ ಹಾಕಿದಳು.

"ಹಾಗಾದ್ರೆ ರಕ್ತ ಗಟ್ಟಿಯಾಗಿರೋದು ಆ ಇನ್ನೊಬ್ಬಳಿಗಾ?"

"ಹೂಂ ಅಜ್ಜಿ. ಲ್ಯಾಬಲ್ಲೇ ಕೂತಿದ್ದಾರೆ."

"ಮತ್ತೆ ಇಲ್ಲಿ ನಿಂತು ಏನು ಮಾಡ್ತಿದ್ದೀಯೇ ತಾಯಿ? ನನಗೇನೂ ಆಗಿಲ್ಲ. ಪಾಪ, ಅವಳಿಗೆ ಏನಾದ್ರೂ ಆಗೋದ್ರೊಳಗೆ ಓಡು," ಎಂದು ಅಜ್ಜಿ ಲಕೋಟೆಯನ್ನು ಅವಳ ಕೈಗೆ ತುರುಕಿ, ಬಾಗಿಲ ತನಕ ದಬ್ಬಿಕೊಂಡೇ ಬಂದಳು.