ನಲವತ್ತೆಂಟು ತುಣುಕಿನ ನಾಲಿಗೆ

"ರೋಗ ದಂಡಿಗೆ ಹತ್ತಿದಂಗ ಕಾಣಸ್ತದ ಕಾಂಚನಾ. ಮತ್ತ ಕತ್ತರಿಸಬೇಕಾಗ್ತದ," ಎಂದರು ಬೆಳಗಾವಿಯ ಡಾಕ್ಟರ್ ಸುಹಾಸಿನಿ, ಫೋನಿನಲ್ಲಿ.

ಬನಹಟ್ಟಿಯ ಲ್ಯಾಬಿನಲ್ಲಿ ಕೆಲಸ ಮಾಡುವ ಕಾಂಚನಾ "ಹೂಂನ್ರಿ" ಎಂದಳು. ಎಂದವಳಿಗೆ ಎದುರಿನ ಬೆಂಚಿನ ಕಡೆ ನೋಡುವ ಧೈರ್ಯ ಬರಲಿಲ್ಲ. ಅಲ್ಲಿ ನಿಂಗಣ್ಣ ಕುಳಿತಿದ್ದ. ಕತ್ತರಿಸಬೇಕೆಂದದ್ದು ಅವನ ನಾಲಿಗೆಯನ್ನು.

ನಿಂಗಣ್ಣನೆಂದರೆ ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಇಪ್ಪತ್ತೈದು ವರ್ಷ ಹರಾಜಿನ ಸವಾಲು ಕೂಗಿದವನು. ಅವನು "ಒಂದು, ಎರಡು" ಎಂದು ರಾಗ ಎಳೆದು "ಮೂರು" ಅಂದನೆಂದರೆ ಮುಗಿಯಿತು. ಆಮೇಲೆ ದೇವರೇ ಇಳಿದು ಬಂದರೂ ಬೆಲ್ಲದ ಪೆಂಟಿಯ ದರ ಏರದು. ಅಂಥ ನಾಲಿಗೆಗೇ ಹುಣ್ಣು ಬಂತು, ತಂಬಾಕಿನ ಕೃಪೆ. ಹದಿನೈದು ದಿನಗಳ ಹಿಂದೆ ಜಮಖಂಡಿಯಲ್ಲಿ ಒಂದಿಷ್ಟು ಕೊಯ್ದು ತೆಗೆದಿದ್ದರು. ಗಾಯ ಮಾಯುವವರೆಗೆ ಮಾತು ಬಂದ್. ಮಾತೇ ಅನ್ನವಾದವನು ದಿನಾ ಈ ಲ್ಯಾಬಿಗೆ ಬಂದು, ಬರಿ ಹುಬ್ಬು ಹಾರಿಸಿ, ಏನಾಯಿತೆಂದು ಕೇಳುತ್ತಿದ್ದ.

ಕೊಯ್ದ ತುಣುಕಿನ ದಂಡಿಗೆ, ಅಂದರೆ ಅಂಚಿಗೆ, ರೋಗ ತಾಗಿದ್ದರೆ ಬಾಯಲ್ಲಿ ಇನ್ನೂ ಉಳಿದಿದೆ ಎಂದರ್ಥ. ಅಂಚು ಸ್ವಚ್ಛವಿದ್ದರೆ ಪಾರು. ಆ ತುಣುಕನ್ನು ಕಾಗದಕ್ಕಿಂತ ತೆಳ್ಳಗೆ ಸೀಳಿ ಗಾಜಿನ ಮೇಲಿಟ್ಟವಳು ಕಾಂಚನಾ. ಸೂಕ್ಷ್ಮದರ್ಶಕದಲ್ಲಿ ಒಂದು ಸಲಕ್ಕೆ ಕಾಣುವುದು ಸಾಸಿವೆಯಷ್ಟು ಜಾಗ. ಹಾಗಾಗಿ ಎಂಟೆಂಟರ ಆರು ಸಾಲು, ನಲವತ್ತೆಂಟು ಫೋಟೋ ತೆಗೆದು, ಎಲ್ಲವನ್ನೂ ಹೊಲಿದು ಒಂದೇ ಚಿತ್ರ ಮಾಡುವ ಸಾಫ್ಟ್‌ವೇರಿಗೆ ಕೊಟ್ಟಿದ್ದಳು. ಯಾವ ಯಾವ ದೇಶದವರೋ ಕೂಡಿ ಬರೆದು, ಯಾರು ಬೇಕಾದರೂ ಬಿಚ್ಚಿ ನೋಡಿ, ಬಳಸಿ ಎಂದು ಪುಕ್ಕಟೆ ಬಿಟ್ಟದ್ದು ಅದು.

ಆದರೆ ಬಂದ ಚಿತ್ರದ ತಲೆಬುಡ ತಿಳಿಯದು. ಗುಲಾಬಿ ಮಾಂಸದ ನಡುವೆ ಒಮ್ಮೆಲೇ ಬರಿ ಗಾಜು. ಆ ಗಾಜಿಗೆ ತಾಗಿಯೇ ರೋಗದ ಕಡುನೇರಳೆ ಚುಕ್ಕೆಗಳು. ಡಾಕ್ಟರಿಗೂ ಅನುಮಾನವಿತ್ತು. ಚಿತ್ರ ಅಲ್ಲಲ್ಲಿ ಹರಿದಂತಿದೆ, ಸಂಜೆಯೊಳಗೆ ಇನ್ನೊಮ್ಮೆ ಕಳಿಸು, ನಾಡಿದ್ದು ಆಪರೇಷನ್ ಇಟ್ಟಿದ್ದಾರೆ ಎಂದಿದ್ದರು. ಕಾಂಚನಾ ಮತ್ತೆ ಜೋಡಿಸಿದಳು. ಅದೇ ಬಂತು. ಮತ್ತೊಮ್ಮೆ ಜೋಡಿಸಿದಳು, ಅದೇ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟರೆ ಅಂಚೆಲ್ಲ ಗುಲಾಬಿ ಕಂಡಂತಾಗುತ್ತಿತ್ತು, ಚಿತ್ರ ನೋಡಿದರೆ ನೇರಳೆ. ಕಣ್ಣನ್ನು ನಂಬಬೇಕೋ, ಕಂಪ್ಯೂಟರನ್ನೋ? ಕಣ್ಣನ್ನು ನಂಬಲು ಇವಳೇನು ಡಾಕ್ಟರೇ? ಕೊನೆಗೆ ಸಾಫ್ಟ್‌ವೇರಿಗೇ ಮನಸಾರೆ ಬೈದಳು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ, ಹಾಗಾಯಿತು ಅವಳ ಕಥೆ.

ಮಧ್ಯಾಹ್ನ ಮನೆಗೆ ಹೋಗಿ ರೊಟ್ಟಿ ತಿನ್ನುವಾಗಲೂ ಫೋನು ಕೆಳಗಿಡಲಿಲ್ಲ. ಕೈಮಗ್ಗದಲ್ಲಿ ಕೂತಿದ್ದ ತಾಯಿ ಮುತ್ತವ್ವ ಏನೆಂದು ಕೇಳಿದಳು. ಕಾಂಚನಾ ಹೆಸರೊಂದು ಬಿಟ್ಟು ಉಳಿದದ್ದೆಲ್ಲ ಹೇಳಿದಳು, ಫೋನಿನಲ್ಲಿದ್ದ ಚಿತ್ರವನ್ನೂ ತೋರಿಸಿದಳು. ಮುತ್ತವ್ವನಿಗೆ ಅದು ಮಾಂಸವಲ್ಲ, ಬಟ್ಟೆ. ಕನ್ನಡಕ ಏರಿಸಿಕೊಂಡು ಬೆರಳಿನಿಂದ ಸಾಲು ಸಾಲಾಗಿ ಸವರಿದಳು.

"ಒಂದ ಸಾಲು ನೆಟ್ಟಗೈತಿ, ಒಂದ ಸಾಲು ಉಲ್ಟಾ ಐತಿ ನೋಡ," ಎಂದಳು. "ನೀ ಹೆಂಗ ತಗದಿ?"

ಕಾಂಚನಾ ಕೈಯಾಡಿಸಿ ತೋರಿಸಿದಳು. ಎಡದಿಂದ ಬಲಕ್ಕೆ ಎಂಟು ಫೋಟೋ, ಒಂದು ಸಾಲು ಕೆಳಗಿಳಿದು, ಬಲದಿಂದ ಎಡಕ್ಕೆ ಎಂಟು. ತೋರಿಸುತ್ತಿದ್ದ ಕೈ ಗಾಳಿಯಲ್ಲೇ ನಿಂತಿತು. ಸಾಫ್ಟ್‌ವೇರು ಪ್ರತಿ ಸಾಲೂ ಎಡದಿಂದಲೇ ಶುರು ಎಂದು ತಿಳಿದು ಜೋಡಿಸಿತ್ತು.

"ಬಲಕ್ಕ ಹ್ವಾದ ಲಾಳಿ ಅಲ್ಲಿಂದನ ಹೊಳ್ಳಿ ಬರೂದು," ಎಂದಳು ಮುತ್ತವ್ವ. "ಖಾಲಿ ಲಾಳಿ ಎಡಕ್ಕ ತಂದು ಮತ್ತ ಶುರು ಯಾರ ಮಾಡ್ತಾರ ಬೇ?"

ಯಾರೂ ಮಾಡುವುದಿಲ್ಲ. ಮಗ್ಗದ ಪಕ್ಕದಲ್ಲೇ ತೊಟ್ಟಿಲು ತೂಗಿಸಿಕೊಂಡು ಬೆಳೆದ ಕಾಂಚನಾಳ ಕೈ, ಅವಳಿಗೇ ತಿಳಿಯದೆ, ಲಾಳಿಯ ದಾರಿ ಹಿಡಿದಿತ್ತು. ಹಿಂದೆ ತೆಗೆದವೆಲ್ಲ ಒಂದೇ ಸಾಲಿನ ಸಣ್ಣ ತುಣುಕುಗಳು. ಅಲ್ಲಿ ಮರಳುವ ಕೆಲಸವೇ ಇರಲಿಲ್ಲ, ತಪ್ಪೂ ಬಯಲಾಗಿರಲಿಲ್ಲ.

ತಿನ್ನುತ್ತಿದ್ದ ರೊಟ್ಟಿ ಬಿಟ್ಟು ಲ್ಯಾಬಿಗೆ ಓಡಿದಳು. ಸಾಲುಗಳು ಯಾವ ಕ್ರಮದಲ್ಲಿವೆ ಎಂದು ಸಾಫ್ಟ್‌ವೇರು ಕೇಳುವ ಜಾಗದಲ್ಲಿ, ಇಷ್ಟು ದಿನ ಕಣ್ಣಿಗೆ ಬೀಳದ ಒಂದು ಗೆರೆ ಇತ್ತು: ಬಾಣ ಬಲಕ್ಕೆ ಹೋಗಿ, ಕೆಳಗಿಳಿದು, ಎಡಕ್ಕೆ ಮರಳುತ್ತಿತ್ತು. ಅಯ್ಯ, ಬರೆದವರಿಗೆ ಇದೂ ಗೊತ್ತಿತ್ತಲ್ಲ! ಸುಮ್ಮನೆ ಬೈದೆ ಅನ್ನಿಸಿ ನಾಚಿಕೆಯಾಯಿತು. ಅದನ್ನು ಒತ್ತಿದಳು. ತುಣುಕುಗಳು ಸರಿದು ಕೂತವು. ನೇರಳೆಯೆಲ್ಲ ನಡುವಿಗೆ ಬಂತು, ಸುತ್ತಲೂ ಗುಲಾಬಿ ಅಂಚು, ಎಲ್ಲೂ ಹರಿದಿರಲಿಲ್ಲ. ತಪ್ಪು ತನ್ನದೇ ಎಂದು ಬರೆದು ಕಳಿಸಿದಳು.

ನಾಲ್ಕು ಗಂಟೆಗೆ ಡಾಕ್ಟರ ಫೋನು ಬಂತು. "ದಂಡಿ ಸ್ವಚ್ಛ ಅದ. ಗಾಜೂ ನಾಳೆ ಕಳಸು, ಕಣ್ಣಾರೆ ನೋಡ್ತೀನಿ. ಕತ್ತರಿಸೋದು ಬ್ಯಾಡಂತ ಜಮಖಂಡಿಗೆ ಹೇಳೀನಿ."

ನಿಂಗಣ್ಣ ಬೆಂಚು ಬಿಟ್ಟು ಎದ್ದಿರಲಿಲ್ಲ. ಕಾಂಚನಾ ಅವನ ಮುಂದೆ ನಿಂತು ಒಳ್ಳೆಯ ಸುದ್ದಿ ಹೇಳಿದಳು. ಅಷ್ಟಕ್ಕೇ ನಿಲ್ಲಿಸಬಹುದಿತ್ತು, ನಿಲ್ಲಿಸಲಾಗಲಿಲ್ಲ. ಬೆಳಿಗ್ಗೆ ಬಂದ ಫೋನು, ತನ್ನ ಕೈ ಮಾಡಿದ ಎಡವಟ್ಟು, ನಾಡಿದ್ದು ಸುಮ್ಮಸುಮ್ಮನೆ ಹೋಗಲಿದ್ದ ಅವನ ನಾಲಿಗೆ, ಎಲ್ಲ ಹೇಳಿಬಿಟ್ಟಳು. "ತಪ್ಪ ನಂದ, ಕಾಕಾ," ಎಂದಳು.

ಸಿಟ್ಟೋ, ಸಂತೋಷವೋ, ನಿಂಗಣ್ಣನ ಮುಖದಲ್ಲಿ ಒಂದೂ ತಿಳಿಯಲಿಲ್ಲ. ಅವನು ಒಂದು ಬೆರಳು ಎತ್ತಿದ. ಎರಡು ಎತ್ತಿದ. ಮೂರನೆಯದನ್ನು ಎತ್ತದೆ ಬಾಯಿ ತೆರೆದ.

"ಮೂ..." ಎಂದ. ಮುಂದಿನದಕ್ಕೆ ನಾಲಿಗೆ ಏಳಲಿಲ್ಲ. ಬಾಯಿ ಮುಚ್ಚಿ, ಉಗುಳು ನುಂಗಿ, ಮತ್ತೆ ತೆರೆದ. ಮಾತಾಡಬಾರದೆಂದು ಕಾಂಚನಾ ನೆನಪಿಸಲಿಲ್ಲ. ಪೇಟೆಯಲ್ಲಿ ಕೊಳ್ಳುವವರು ನಿಲ್ಲುವ ಹಾಗೆ, ಅವನು ಅದನ್ನು ಹೇಳಿ ಮುಗಿಸಲೆಂದು ಅಲ್ಲೇ ನಿಂತಿದ್ದಳು.